ಕೆಂಪು ಗೆರೆ ಎಳೆದ ಕಾಯ್ದೆ

ಪಿಂಚಣಿ ಹತ್ತಿದವನನ್ನು ಜನ ಮೊದಲು ಕೇಳುವ ಮಾತು, ಕಡೆಗೆ ಯಾವ ಹುದ್ದೆಗೆ ಹೋದಿರಿ ಎಂದು. ಅದನ್ನು ತಿಳಿದುಕೊಂಡು ಅವರಿಗೆ ಏನಾಗಬೇಕಾಗಿದೆಯೋ ನನಗೆ ಗೊತ್ತಿಲ್ಲ. ಪಿಂಚಣಿ ಕಾಗದದಲ್ಲಿ ಅದು ಬರೆದಿದೆ, ಅಲ್ಲಿಯೇ ಇರಲಿ. ಮೊನ್ನೆ ನಮ್ಮ ಓಣಿಯ ಹುಡುಗಿಯೊಬ್ಬಳು ತಾಲೂಕಾ ಕಚೇರಿಯಲ್ಲಿ ಕಾರಕೂನಕಿಗೆ ಸೇರಿದಳು. ಪೇಢೆ ಕೊಡಲು ಬಂದವಳು, "ಅಜ್ಜಾರ, ಅಲ್ಲಿ ಖರೇನ ಏನ ಕೆಲಸ ಇರತೈತ್ರಿ?" ಎಂದು ಕೇಳಿದಳು. ಇದು ಕೇಳಬೇಕಾದ ಪ್ರಶ್ನೆ. ಬಾಯಿಯಿಂದ ಹೇಳಿದರೆ ಅರ್ಧ ಸುಳ್ಳು ಸೇರಿಕೊಳ್ಳುತ್ತದೆ, ಅದಕ್ಕೇ ಬರೆಯಲು ಕೂತೆ.

ನೌಕರಿಯ ಮೊದಲ ಹತ್ತು ಹನ್ನೆರಡು ವರ್ಷ ನಾನು ಹೆಚ್ಚಾಗಿ ಮಾಡಿದ್ದು ಕಾಯ್ದೆ ಪುಸ್ತಕಗಳಿಗೆ ಗೋಂದು ಹಚ್ಚುವ ಕೆಲಸ. ನಗಬೇಡಿ. ಕಾಯ್ದೆ ಬದಲಾದಾಗಲೆಲ್ಲ ಸರಕಾರ ಹೊಸ ಪುಸ್ತಕ ಕಳಿಸುವುದಿಲ್ಲ. ಬದಲಾದ ಸಾಲುಗಳನ್ನಷ್ಟೇ ಒಂದು ಮಗ್ಗುಲಿಗೆ ಅಚ್ಚು ಹಾಕಿದ ಚೀಟಿ ಕಳಿಸುತ್ತದೆ. ಅದಕ್ಕೆ ದುರುಸ್ತಿ ಚೀಟಿ ಎನ್ನುತ್ತಿದ್ದೆವು. ಅದನ್ನು ಕತ್ತರಿಸಿ, ಹಳೆಯ ಕಲಮಿನ ಮೇಲೆ ಸೊಟ್ಟಾಗದಂತೆ ಅಂಟಿಸಬೇಕು. ಅಂಚಿನಲ್ಲಿ ಹುಕುಮಿನ ನಂಬರು, ತಾರೀಖು ಬರೆದು ಸಣ್ಣ ಸಹಿ ಹಾಕಬೇಕು. ಹೊಸ ಮಾತೇನೂ ಇಲ್ಲದೆ ಹಳೆಯದು ಪೂರ್ತಿ ರದ್ದಾಗಿದ್ದರೆ ರೂಳುಕಟ್ಟಿಗೆ ಇಟ್ಟು ಕೆಂಪು ಮಸಿಯಲ್ಲಿ ಗೆರೆ ಎಳೆಯಬೇಕು. ಕೆಳಗಿನ ಅಕ್ಷರ ಓದಲು ಬರುತ್ತಿರಬೇಕು, ಆದರೆ ನಡೆಯುವುದಿಲ್ಲ ಎಂದು ನೋಡಿದ ಕೂಡಲೇ ತಿಳಿಯಬೇಕು.

ಇದನ್ನು ನನಗೆ ಕಲಿಸಿದವರು ಕಚೇರಿಯ ಅವ್ವಲ ಕಾರಕೂನರು, ಎಂದರೆ ನಮ್ಮೆಲ್ಲರ ಮೇಲಿನ ಗುಮಾಸ್ತರು, ಸಿದ್ರಾಮಪ್ಪನವರು. ಸಂಸ್ಥಾನದ ಕಾಲದಿಂದ ಇದ್ದವರು. ಹಣೆ ತುಂಬ ವಿಭೂತಿ, ಬಾಯಲ್ಲಿ ಲವಂಗ, ಯಾವ ಕಾಗದ ಯಾವ ಗಂಟಿನಲ್ಲಿದೆ ಎಂಬುದು ಕಣ್ಣು ಮುಚ್ಚಿ ಗೊತ್ತು. "ಪುಸ್ತಕ ದುರುಸ್ತ ಇದ್ರ ದುನಿಯಾ ದುರುಸ್ತ, ತಮ್ಮಾ" ಎನ್ನುತ್ತಿದ್ದರು. ನಾನು ಅದನ್ನು ನಂಬಿದ್ದೆ. ಇಪ್ಪತ್ತೊಂದು ವರ್ಷದವನು, ಹಿರಿಯರು ಹೇಳಿದ್ದು ನಂಬುವ ವಯಸ್ಸು.

ಗೋಂದನ್ನು ತಂದುಕೊಡುತ್ತಿದ್ದವನು ಪಟ್ಟೇವಾಲಾ, ಎಂದರೆ ಕಚೇರಿಯ ಜವಾನ, ದಸ್ತಗೀರ. ನನಗಿಂತ ಹತ್ತು ವರ್ಷ ದೊಡ್ಡವನು. ಮನೆಯಲ್ಲಿ ದಖನಿ, ಕಚೇರಿಯಲ್ಲಿ ಮರಾಠಿ, ನನ್ನ ಸಂಗಡ ಕನ್ನಡ. ಮೂರರಲ್ಲಿಯೂ ಒಂದೇ ಸಮನೆ ಚೇಷ್ಟೆ ಮಾಡಬಲ್ಲವನು. ವಳಸಂಗದ ದಾರಿಯ ಜಾಲಿಗಿಡಗಳಿಂದ ಕೆರೆದು ತಂದ ಗೋಂದನ್ನು ನೀರಲ್ಲಿ ನೆನೆಹಾಕಿ, ಮೇಲೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದ. ಮೈಲುತುತ್ತ ಯಾತಕ್ಕೆ ಎಂಬುದು ನನಗೆ ಒಂದು ಮಳೆಗಾಲದಲ್ಲಿ ತಿಳಿಯಿತು. ಅವನು ರಜೆಯ ಮೇಲಿದ್ದ. ಗೋಂದು ತೀರಿತ್ತು. ನಾನು ಬುದ್ಧಿವಂತಿಕೆ ಮಾಡಿ ಗೋಧಿಹಿಟ್ಟು ಕುದಿಸಿ ಅಂಟು ಮಾಡಿದೆ. ಹುಲ್ಲಿನ ಬಣವಿ ಮನೆಯಿಂದ ಎಷ್ಟು ದೂರ ಇರಬೇಕು ಎಂಬ ನಿಯಮ ಸಡಿಲಾಗಿ ಚೀಟಿ ಬಂದಿತ್ತು, ಅದನ್ನು ಆ ಅಂಟಿನಿಂದ ಹಚ್ಚಿದೆ. ಮೈಲುತುತ್ತದ ವಿಷ ಇರಲಿಲ್ಲ, ಕಪಾಟಿನ ಇಲಿಗೆ ಹಬ್ಬವಾಯಿತು. ಅದು ಚೀಟಿಯನ್ನು ತಿಂದು ಕೆಳಗಿನ ಹಳೆಯ ನಿಯಮವನ್ನು ಹಾಗೇ ಬಿಟ್ಟಿತು. ಪುಸ್ತಕ ನೋಡಿದ ಇನ್ನೊಬ್ಬ ಕಾರಕೂನ ಡಫಳಾಪುರದ ರೈತನೊಬ್ಬನಿಗೆ ನೋಟೀಸು ಕಳಿಸಿದ. ಅವನು ನೆಟ್ಟಗೆ ಕಚೇರಿಗೆ ಬಂದ.

"ಹೋದ ತಿಂಗಳ ಇಲ್ಲಿದ್ರ ನಡೀತೈತಿ ಅಂದ್ರಿ. ಈಗ ಮತ್ತ ಸರಸು ಅಂತೀರಿ. ಬಣವಿಗಿ ಕಾಲ ಅದಾವೇನ್ರಿ ಸಾಹೇಬ್ರ?"

ಸಿದ್ರಾಮಪ್ಪನವರು ಪುಸ್ತಕ ತರಿಸಿ ಇಲಿಯ ಹಲ್ಲಿನ ಗುರುತು ನೋಡಿದರು. "ವಿಧಾನಸಭಾದವ್ರು ಮಾಡಿದ್ದನ್ನ ಇಲಿ ರದ್ದ ಮಾಡೇತಿ ನೋಡ್ರಿ" ಎಂದು ರೈತನಿಗೇ ತೋರಿಸಿದರು. ಅವನೂ ನಕ್ಕ. ನಾನು ನಗಲಿಲ್ಲ. ಅಂದಿನಿಂದ ಅಂಟಿಸುವುದರಲ್ಲಿ ನನ್ನಷ್ಟು ಕಟ್ಟುನಿಟ್ಟಿನವನು ಜಿಲ್ಲೆಯಲ್ಲೇ ಇರಲಿಲ್ಲ. ಆಗ ನಮ್ಮದು ದಕ್ಷಿಣ ಸಾತಾರಾ ಜಿಲ್ಲೆ. ಸಾಂಗಲಿ ಎಂದು ಹೆಸರಾದದ್ದು ಮುಂದೆ.

ಸಂಸ್ಥಾನ ಮುಂಬೈ ಪ್ರಾಂತದಲ್ಲಿ ವಿಲೀನವಾದ ವರ್ಷ ಕೆಲಸ ಮೈಮೇಲೆ ಬಿತ್ತು. ದರಬಾರದ ನಿಯಮಗಳು ಹೋದವು, ಮುಂಬೈ ಕಾಯ್ದೆಗಳು ಚಕ್ಕಡಿಯಲ್ಲಿ ಬಂದವು. ಅವು ಬರುವಾಗಲೇ ಅರ್ಧ ಹಳತಾಗಿದ್ದವು, ಬೆನ್ನ ಹಿಂದೆಯೇ ಚೀಟಿಗಳ ಗಂಟು. ಎರಡು ವರ್ಷ ಕಳೆಯಿತು, ಸಂವಿಧಾನದ ಪುಸ್ತಕ ಬಂತು. ಸಿದ್ರಾಮಪ್ಪನವರು ಅದನ್ನು ಕೆಂಪು ಅರಿವೆಯಲ್ಲಿ ಸುತ್ತಿ ಕಪಾಟಿನ ಮೇಲಿನ ಖಾನೆಯಲ್ಲಿ ಇಟ್ಟರು. "ಇದಕ್ಕ ಗೋಂದ ಮುಟ್ಟಸಬ್ಯಾಡ. ಇದು ಮೂಲ" ಎಂದರು.

ಒಂದೂವರೆ ವರ್ಷ ತುಂಬಿರಲಿಲ್ಲ, ಮೂಲಕ್ಕೇ ಚೀಟಿ ಬಂತು. ಮೊದಲನೆಯ ತಿದ್ದುಪಡಿ. ಸಿದ್ರಾಮಪ್ಪನವರು ಲಕೋಟೆಯನ್ನು ಎರಡು ದಿನ ಮೇಜಿನ ಮೇಲಿಟ್ಟುಕೊಂಡು ಕೂತರು. ಮೂರನೆಯ ದಿನ ನನ್ನ ಕಡೆ ಸರಿಸಿ, "ಹೊಸ ಸೀರಿ ಉಟ್ಟು ಇನ್ನ ಒಂದ ನೀರು ಬಿದ್ದಿಲ್ಲ, ಆಗಲೇ ತ್ಯಾಪಿ" ಎಂದರು. ಚೀಟಿಯಲ್ಲಿ ಇದ್ದದ್ದು ಹತ್ತೊಂಬತ್ತನೆಯ ಕಲಮಿನ ಮಾತು. ಅದೇ ಕಲಮು ಮಾತಾಡುವ ಹಕ್ಕು, ಕೂಡುವ ಹಕ್ಕು, ದೇಶದ ತುಂಬ ಎಲ್ಲಿ ಬೇಕಾದರಲ್ಲಿ ಓಡಾಡುವ ಹಕ್ಕು ಕೊಟ್ಟದ್ದು. ಈಗ ಮಾತಾಡುವ ಹಕ್ಕಿಗೆ ಕೆಲವು ಷರತ್ತು ಜೋಡಿಸಿದ್ದರು. ಗೋಂದು ಒಣಗುವ ತನಕ ದಸ್ತಗೀರನಿಗೆ ಅದನ್ನು ಓದಿ ಅರ್ಥ ಹೇಳಿದೆ.

"ಅಂದ್ರ ಮಾತಾಡ್ಬಹುದು, ಆದ್ರ..." ಎಂದು ಅವನು ನಿಲ್ಲಿಸಿದ.

"ಹೌದು, ಆದ್ರ ಐತಿ."

"ಇರ್ಲಿ ಬಿಡ್ರಿ ಶಿವಲಿಂಗಣ್ಣಾರ. ನಮ್ಮ ಮನ್ಯಾಗಂತೂ ನನಗ ಮಾತಾಡೋ ಹಕ್ಕ ಇಲ್ಲ, ಬರೇ ಆದ್ರ ಅಷ್ಟ ಐತಿ." ಆಮೇಲೆ ಕೇಳಿದ: "ಓಡಾಡೂದಕ್ಕ ಏನರ ಹಚ್ಯಾರೇನ್ರಿ?"

"ಇಲ್ಲ. ಅದು ಇದ್ದಂಗ ಐತಿ."

"ಅಷ್ಟರ ಬಿಟ್ಟಾರಲ್ಲ" ಎಂದು ಗೋಂದಿನ ಬಟ್ಟಲು ತೊಳೆಯಲು ಹೋದ.

ಏಳನೆಯ ತಿದ್ದುಪಡಿ ಬಂದದ್ದು ಭಾಷೆಯ ಮೇಲೆ ರಾಜ್ಯ ಹಂಚಿದಾಗ. ಅದು ಚೀಟಿಯಲ್ಲ, ಪುಟಗಳ ಪುಟ. ಪುಸ್ತಕದ ಹಿಂದಿನ ರಾಜ್ಯಗಳ ಪಟ್ಟಿಯನ್ನೇ ಪೂರ್ತಿ ಮುಚ್ಚಬೇಕಾಯಿತು. ಹೊರಗೆ ಬಜಾರಿನಲ್ಲಿ ಮೈಸೂರಿಗೆ ಸೇರಿಸಿ ಎಂದು ಒಂದು ಗುಂಪು, ಬೇಡವೇ ಬೇಡ ಎಂದು ಇನ್ನೊಂದು. ಗುಂಪು ಕೂಡಬಾರದೆಂಬ ಹುಕುಮಿನ ಪ್ರತಿಗಳನ್ನು ನಾನೇ ಬರೆದು ಚಾವಡಿಗೆ ಅಂಟಿಸಲು ಕೊಟ್ಟಿದ್ದೆ. ಮನೆಯಲ್ಲಿ ನಮ್ಮವ್ವ, "ನಾವು ಯಾ ಕಡೆ ಆದೇವೋ?" ಎಂದು ಕೇಳಿದಳು. ಇದ್ದ ಕಡೆಯೇ ಇದ್ದೇವೆ ಎಂದೆ. ಕನ್ನಡ ಮಾತಾಡುವ ನಾನು ನನ್ನ ತಾಲೂಕು ಮುಂಬೈ ಕಡೆಯೇ ಉಳಿಯಿತು ಎನ್ನುವ ಕಾಗದವನ್ನು ಅಂಚಿಗೆ ಅಂಚು ಕೂಡಿಸಿ ಅಂಟಿಸಿದೆ. ಬೇಸರವಾಯಿತು. ಅದನ್ನು ಯಾರಿಗೂ ಹೇಳಲಿಲ್ಲ, ಹೇಳುವುದು ಆ ಕೆಲಸದಲ್ಲಿ ಬರುವುದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಹುಡುಗಿಗೆ ಖುಷಿಯಾದೀತು, ನನಗೂ ಮರ್ಯಾದೆ ಉಳಿದೀತು. ಆದರೆ ಬರೆಯಲು ಕೂತದ್ದು ಬೇರೆಯದರ ಸಲುವಾಗಿ. ಅದಕ್ಕೆ ಸಂವಿಧಾನ ಬರುವ ಮೊದಲಿನ ಒಂದು ಲಕೋಟೆಗೆ ಹಿಂದಕ್ಕೆ ಹೋಗಬೇಕು.

ಇಂಗ್ರೇಜರ ಕಾಲದಿಂದ ಒಂದು ಕಾಯ್ದೆ ಇತ್ತು. ಕೆಲವು ಜಾತಿಯ ಜನ ಹುಟ್ಟಿನಿಂದಲೇ ಕಳ್ಳರು ಎಂದು ಬರೆದಿಟ್ಟ ಕಾಯ್ದೆ. ಆ ಜಾತಿಗಳ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದು ಬರೆದು ಅವಕ್ಕೆ ಮಸಿ ಬಳಿದವರು ನಮ್ಮಂಥ ಕಾರಕೂನರೇ. ಊರಲ್ಲಿ ಅವರಿಗೆ ಹಾಜರಿ ಮಂದಿ ಎನ್ನುತ್ತಿದ್ದರು. ದಿನಾ ಸಂಜೆ ದೊಡ್ಡವರೆಲ್ಲ, ಗಂಡಸರೂ ಹೆಂಗಸರೂ, ಚಾವಡಿಗೆ ಬಂದು ಪೊಲೀಸ್ ಪಾಟೀಲರ ಮುಂದೆ ನಿಲ್ಲಬೇಕು. ಪಾಟೀಲರು ಹೆಸರು ಕೂಗುತ್ತಾರೆ, ಇವರು ಓ ಎನ್ನಬೇಕು. ಊರ ಸೀಮೆ ದಾಟಬೇಕಾದರೆ ಪಾಟೀಲರಿಂದ ದಾಖಲೆ ಚೀಟಿ ಪಡೆಯಬೇಕು, ಹೋದ ಊರಿನಲ್ಲಿ ಅದರ ಮೇಲೆ ಸಹಿ ಮಾಡಿಸಿಕೊಂಡು ಬರಬೇಕು. ಒಂದು ಸಲಕ್ಕೆ ಇಬ್ಬರಿಗಿಂತ ಹೆಚ್ಚು ಮಂದಿಗೆ ಚೀಟಿ ಇಲ್ಲ.

ಆ ಕಾಯ್ದೆ ಪೂರ್ತಿ ರದ್ದಾಯಿತು. ಅಂಗೈಯಗಲದ ದುರುಸ್ತಿ ಚೀಟಿ ಬಂತು. ಹನ್ನೆರಡು ಪುಟಗಳಿಗೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದೆ. ಕೈ ನಡುಗದ ಹಾಗೆ, ಒಂದು ಹನಿ ಮಸಿ ಚೆಲ್ಲದ ಹಾಗೆ. ಕಡೆಯ ಪುಟದಲ್ಲಿ ಆ ದಾಖಲೆ ಚೀಟಿಯ ನಮೂನೆ ಇತ್ತು, ಅದರ ಮೇಲೂ ಎಳೆದೆ. ಸಿದ್ರಾಮಪ್ಪನವರು ನೋಡಿ, "ಭಾಳ ಚಲೋ ಆಗೇತಿ" ಎಂದರು.

ದುರುಸ್ತಿ ಚೀಟಿಯ ಸಂಗಡ ಒಂದು ಪತ್ರ ಇತ್ತು. ಪ್ರತಿ ಚೀಟಿಯ ಸಂಗಡವೂ ಒಂದು ಪತ್ರ ಇರುತ್ತದೆ: ಇದನ್ನು ಅಂಟಿಸಿ, ಅಂಟಿಸಿದ ವರದಿ ಕಳಿಸಿ ಎಂದು. ನೂರಾರು ಓದಿ ಓದಿ, ಓದುವುದನ್ನೇ ಬಿಟ್ಟಿದ್ದೆ. ಈ ಪತ್ರದ ಎರಡನೆಯ ಮಗ್ಗುಲಿನಲ್ಲಿ ಇನ್ನೊಂದು ಮಾತಿತ್ತು. ಹಳೆಯ ಸಂಸ್ಥಾನದ ಊರುಗಳಿಗೆ ಹಾಜರಿ ಹುಕುಮು ತಾಲೂಕಾ ಕಚೇರಿಯಿಂದ ಹೋಗಿರುವುದರಿಂದ, ಅಲ್ಲಿನ ಪಾಟೀಲರಿಗೆ ಕಚೇರಿಯೇ ತಿಳಿಸತಕ್ಕದ್ದು. ನಾನು ಹಾಳೆ ಮಗುಚಲಿಲ್ಲ. ಮೊದಲ ಮಗ್ಗುಲಿನಲ್ಲಿ "ದುರುಸ್ತಿ ಆಯಿತು, ದಫ್ತರಕ್ಕೆ ದಾಖಲು" ಎಂದು ಬರೆದೆ, ಸಿದ್ರಾಮಪ್ಪನವರು ಸಹಿ ಮಾಡಿದರು, ಪತ್ರ ಗಂಟಿಗೆ ಹೋಯಿತು. ಪೊಲೀಸ್ ಖಾತೆಯವರು ನಾವು ತಿಳಿಸಿದ್ದೇವೆ ಅಂದುಕೊಂಡರು. ನಾವು ಏನೂ ಅಂದುಕೊಳ್ಳಲಿಲ್ಲ.

ಬಹಳ ಊರುಗಳಲ್ಲಿ ಬಾಯಿಂದ ಬಾಯಿಗೆ ಸುದ್ದಿ ಹೋಗಿ ಹಾಜರಿ ತಾನೇ ನಿಂತಿತು. ಗಡಿ ಕಡೆಯ ಒಂದು ಊರಿನಲ್ಲಿ ನಿಲ್ಲಲಿಲ್ಲ. ಊರಿನ ಹೆಸರು ಬೇಡ, ಪಾಟೀಲರ ಮೊಮ್ಮಕ್ಕಳು ಈಗಲೂ ನನಗೆ ನಮಸ್ಕಾರ ಮಾಡುತ್ತಾರೆ. ಆ ಪಾಟೀಲರು ಕೆಟ್ಟವರಲ್ಲ. ಯಾರ ಮೇಲೂ ಕೈ ಮಾಡಿದವರಲ್ಲ. ಕಾಗದದ ಮನುಷ್ಯ ಅಷ್ಟೇ. ರದ್ದಾಗಿದೆಯಂತೆ ಎಂದು ಯಾರಾದರೂ ಅಂದರೆ, "ಕಾಗದ ಬರ್ಲಿ, ಅವತ್ತ ಬಿಡತೀನಿ" ಎನ್ನುತ್ತಿದ್ದರು. ಕಾಗದ ನಮ್ಮ ಗಂಟಿನಲ್ಲಿತ್ತು.

ಇದೆಲ್ಲ ನನಗೆ ಗೊತ್ತಾದದ್ದು ಮೊದಲನೆಯ ಚುನಾವಣೆಯ ದಿನ. ಗೆರೆ ಎಳೆದು ಎರಡು ವರ್ಷದ ಮೇಲಾಗಿತ್ತು.

ಗಡಿಯ ನಾಲ್ಕೈದು ಹಳ್ಳಿಗಳಿಗೆ ಸೇರಿ ಒಂದು ಊರಿನ ಶಾಲೆಯಲ್ಲಿ ಮತಗಟ್ಟೆ. ಅಧ್ಯಕ್ಷರು ಹೊರಗಿನಿಂದ ಬಂದ ಹೈಸ್ಕೂಲು ಮಾಸ್ತರರು. ಯಾದಿಯಲ್ಲಿ ಹೆಸರು ನೋಡಿ ಗೆರೆ ಹಾಕುವುದು ನನ್ನ ಪಾಲಿಗೆ. ದಸ್ತಗೀರ ಬಾಗಿಲಿಗೆ. ಆಗ ಚಿಹ್ನೆಯ ಮೇಲೆ ಮುದ್ರೆ ಒತ್ತುವುದಿರಲಿಲ್ಲ. ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವನ ಚಿಹ್ನೆ. ಪರದೆಯ ಹಿಂದೆ ಹೋಗಿ ಬೇಕಾದ ಪೆಟ್ಟಿಗೆಯಲ್ಲಿ ಕಾಗದ ಹಾಕಿ ಬರುವುದು. ಒಬ್ಬ ಮುದುಕಿ ಪೆಟ್ಟಿಗೆಗೆ ಕುಂಕುಮ ಹಚ್ಚಿ ಕೈಮುಗಿದು ಕಾಗದವನ್ನು ಸೆರಗಿಗೆ ಕಟ್ಟಿಕೊಂಡು ಹೊರಟಿದ್ದಳು, ಪ್ರಸಾದವೆಂದು. ದಸ್ತಗೀರ ಅವಳನ್ನು ತಿರುಗಿಸಿ ಕಳಿಸಿದ. ಆ ಪಾಟೀಲರೂ ಬೆಳಿಗ್ಗೆ ಕುದುರೆಯ ಮೇಲೆ ಬಂದು, ಮತ ಹಾಕಿ, ನನ್ನ ಯೋಗಕ್ಷೇಮ ಕೇಳಿ ತಿರುಗಿ ಹೋದರು.

ಎರಡು ಗಂಟೆಯ ಸುಮಾರಿಗೆ ಒಬ್ಬ ಗಂಡಸು, ಒಬ್ಬ ಹೆಂಗಸು ನನ್ನ ಮೇಜಿನ ಮುಂದೆ ನಿಂತರು. ಹೆಸರು ಲಗಮಣ್ಣ ಎಂದ. ಹೆಂಗಸು ಅವನ ಹೆಂಡತಿ. ಯಾದಿಯಲ್ಲಿ ಇಬ್ಬರ ಹೆಸರೂ ಇತ್ತು. ಗೆರೆ ಹಾಕಿದೆ. ಬೆರಳಿಗೆ ಮಸಿ ಹಚ್ಚಿಸಿಕೊಂಡು ಒಳಗೆ ಹೋಗಿ ಬಂದರು. ಆದರೆ ಹೊರಗೆ ಹೋಗದೆ ತಿರುಗಿ ನನ್ನ ಹತ್ತಿರ ಬಂದ. ರುಮಾಲಿನಿಂದ ಮಡಿಚಿದ ಕಾಗದ ತೆಗೆದು ಎರಡೂ ಕೈಯಿಂದ ಮೇಜಿನ ಮೇಲೆ ಇಟ್ಟ.

"ಇದರ ಮ್ಯಾಲ ಒಂದ ಸಹಿ ಮಾಡ್ರಿ ಸಾಹೇಬ್ರ. ಎಷ್ಟಕ್ಕ ಬಂದ್ವಿ, ಎಷ್ಟಕ್ಕ ಹೊಂಟ್ವಿ, ಅಷ್ಟ ಬರೀರಿ."

ಕೆಂಪು ಗೆರೆ ಎಳೆದ ಆ ಕಡೆಯ ಪುಟದ ನಮೂನೆ. ಕೈಯಿಂದ ಬರೆದದ್ದು, ಆದರೆ ಸಾಲು ಸಾಲು ಅದೇ. ಹೋಗುವ ಕಾರಣ ಎಂಬಲ್ಲಿ ಪಾಟೀಲರು ಮುತ್ತಿನಂಥ ಅಕ್ಷರದಲ್ಲಿ "ಮತದಾನ" ಎಂದು ಬರೆದಿದ್ದರು.

"ಇದು ಈಗ ಬೇಕಾಗೂದಿಲ್ಲ" ಎಂದೆ.

"ಹಂಗನಬ್ಯಾಡ್ರಿ. ಹೋದ ವರ್ಷ ಇದು ಇಲ್ಲದ ಅಸಂಗಿಗಿ ಹೋದೆ. ನಮ್ಮವ್ವ ಅಲ್ಲಿ ನಮ್ಮಕ್ಕನ ಮನ್ಯಾಗ ತೀರಿಕೊಂಡ್ಲು. ಪಾಟೀಲ್ರು ಊರಾಗ ಇರಲಿಲ್ಲ, ಚೀಟಿ ಯಾರ ಕೊಡಬೇಕು? ಮಣ್ಣ ಕೊಟ್ಟ ಮರದಿನ ಬಂದೆ. ಹಾಜರಿ ತಪ್ಪಸ್ಯಾನ, ನಡತಿ ಚಲೋ ಇಲ್ಲ ಅಂತ ಬರದ ಕಳಿಸಿದ್ರು. ಕೋರ್ಟಿನ್ಯಾಗ ಜಾಮೀನ ಕೊಡು ಅಂದ್ರು. ನಮಗ್ಯಾರ ನಿಲ್ತಾರ್ರಿ? ಮೂರ ತಿಂಗಳ ಒಳಗಿದ್ದೆ."

ಹೋದ ವರ್ಷ. ಯಾವ ತಿಂಗಳು ಎಂದು ಕೇಳಿ ಲೆಕ್ಕ ಹಾಕಿದೆ. ಗೆರೆ ಎಳೆದ ತಿಂಗಳಿಂದ ಅವನ ತಾಯಿ ಸತ್ತ ತಿಂಗಳಿಗೆ ಹದಿನಾಲ್ಕು. ಪತ್ರಕ್ಕೆ ಇನ್ನೊಂದು ಮಗ್ಗುಲು ಇದ್ದಿರಬೇಕು ಎಂದು ನನಗೆ ಆಗ ಹೊಳೆಯಿತು. ಮರುದಿನ ಗಂಟು ಬಿಚ್ಚಿ ಓದಿದಾಗ ಹಾಗೆಯೇ ಇತ್ತು.

"ನಿಮ್ಮ ಮಂದಿ ಇನ್ನ ಎಷ್ಟ ಅದಾರ?" ಎಂದು ಕೇಳಿದೆ.

"ಹದಿನೈದು. ನಾವಿಬ್ರು ಹೋಗಿ ಮುಟ್ಟಿದ ಮ್ಯಾಲ ಇನ್ನಿಬ್ರು ಹೊಂಡೂದು. ಲಗೂನ ಸಹಿ ಮಾಡ್ರಿ, ಅವರು ಹಾದಿ ನೋಡ್ಲಾಕತ್ತಾರ."

ಊರು ನಾಲ್ಕು ಮೈಲಿ. ಇವರು ಹೋಗಿ ಮುಟ್ಟುವುದು ಮೂರೂವರೆಗೆ. ಐದಕ್ಕೆ ಮತಗಟ್ಟೆಯ ಬಾಗಿಲು ಹಾಕುತ್ತದೆ. ಬಹಳವಾದರೆ ಇನ್ನು ಇಬ್ಬರು. ಉಳಿದ ಹದಿಮೂರು ಮಂದಿ ಯಾದಿಯಲ್ಲಿ ಹೆಸರು ಇದ್ದೂ, ಇಪ್ಪತ್ತೊಂದು ವರ್ಷ ದಾಟಿದವರಿಗೆಲ್ಲ ಮತ ಎಂದು ಆ ಕೆಂಪು ಅರಿವೆಯ ಪುಸ್ತಕ ಹೇಳಿದ್ದರೂ, ನನ್ನ ಒಂದು ಮಗುಚದ ಹಾಳೆಯ ಸಲುವಾಗಿ ಊರ ಸೀಮೆಯಲ್ಲಿ ನಿಲ್ಲುತ್ತಾರೆ.

ಅಧ್ಯಕ್ಷ ಮಾಸ್ತರರಿಗೆ ಹೇಳಿದೆ. ಬಂದವರಿಗೆ ಕಾಗದ ಕೊಡುವುದು ನಮ್ಮ ಕೆಲಸ, ಬಾರದವರನ್ನು ಕರೆತರುವುದಲ್ಲ ಎಂದು ಮರಾಠಿಯಲ್ಲಿ ಹೇಳಿದರು. ತಪ್ಪು ಹೇಳಲಿಲ್ಲ. ನಾನು ಒಂದು ಹಾಳೆ ತೆಗೆದುಕೊಂಡೆ. ಕಾಯ್ದೆಯ ಹೆಸರು, ರದ್ದು ಮಾಡಿದ ಹುಕುಮಿನ ನಂಬರು ನನಗೆ ಬಾಯಿಪಾಠ. ಅಂಚಿನಲ್ಲಿ ಬರೆದವನು ನಾನೇ. ಅದನ್ನೆಲ್ಲ ಬರೆದು, ಹಾಜರಿ ಮತ್ತು ದಾಖಲೆ ಚೀಟಿ ಎರಡೂ ರದ್ದಾಗಿವೆ, ಈ ಜನರನ್ನು ತಡೆಯಕೂಡದು, ಎಂದು ಬರೆದೆ. ಕೆಳಗೆ "ಮಾಮಲೇದಾರರ ಪರವಾಗಿ" ಎಂದು ಸಹಿ ಹಾಕಿದೆ. ಹಾಗೆ ತಾಲೂಕಿನ ದೊಡ್ಡ ಸಾಹೇಬರ ಹೆಸರಿನಲ್ಲಿ ಸಹಿ ಹಾಕುವ ಅಧಿಕಾರ ನನಗೆ ಇರಲಿಲ್ಲ. ಹೊಸದಾಗಿ ಸೇರಿದವರು ಇದನ್ನು ಮಾಡಬಾರದು. ನನಗೆ ಏನೂ ಆಗಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಮರುದಿನ ಸಿದ್ರಾಮಪ್ಪನವರ ಮುಂದೆ ಎಲ್ಲವನ್ನೂ ಹೇಳಿ ನಿಂತಾಗ ಅವರು ಬಹಳ ಹೊತ್ತು ಆ ಹಳೆಯ ಪತ್ರದ ಮೇಲಿನ ತಮ್ಮ ಸಹಿಯನ್ನೇ ನೋಡುತ್ತ ಕೂತರು. ಕಡೆಗೆ, "ಕಾಗದ ಕಳಸಿದಿ, ಸರಿ. ಜಾವಕ ನಂಬರ ಹಾಕಿದಿ ಇಲ್ಲೋ?" ಎಂದರು. ಹೊರಗೆ ಹೋಗುವ ಕಾಗದಕ್ಕೆಲ್ಲ ಆ ನಂಬರು ಬೇಕು. ಇಲ್ಲ ಎಂದೆ. ತಾವೇ ಪುಸ್ತಕ ಎಳೆದುಕೊಂಡು ನಂಬರು ಹಾಕಿದರು. ಆ ವಾರ ಲವಂಗ ಬಾಯಿಗೆ ಹಾಕಲಿಲ್ಲ.

ಲಗಮಣ್ಣನಿಗೆ ಇಲ್ಲಿಯೇ ಕುಂದ್ರು ಎಂದೆ. ಅವನು ಒಪ್ಪಲಿಲ್ಲ. "ನಾ ಮುಟ್ಟಲಿಲ್ಲಂದ್ರ ಅವರಿಗಿ ಚೀಟಿ ಸಿಗೂದಿಲ್ರಿ" ಎಂದ. ಕಾಗದ ಕಳಿಸುತ್ತಿದ್ದೇನೆ, ಚೀಟಿ ಬೇಕಾಗಿಲ್ಲ ಎಂದು ತಿಳಿಸಿ ಹೇಳುವುದರಲ್ಲಿ ಹತ್ತು ನಿಮಿಷ ಹೋಯಿತು. ಕಡೆಗೆ ಗಂಡ ಹೆಂಡತಿ ಬೇವಿನ ಗಿಡದ ಕೆಳಗೆ ಕೂತರು, ಎದ್ದು ಓಡಲು ಸಿದ್ಧರಾದವರ ಹಾಗೆ, ತುದಿಗಾಲಲ್ಲಿ. ದಸ್ತಗೀರ ಆ ಊರ ಶಾಲೆಯ ಮಾಸ್ತರರ ಸೈಕಲ್ಲು ಹತ್ತಿದ. ಬಾಗಿಲು ಕಾಯಲು ಊರ ತಳವಾರನನ್ನು ನಿಲ್ಲಿಸಿದೆವು.

ಅಲ್ಲಿ ನಡೆದದ್ದನ್ನು ದಸ್ತಗೀರ ಮುಂದೆ ಎಷ್ಟೋ ಸಲ ಹೇಳಿದ್ದಾನೆ, ಪ್ರತಿ ಸಲ ಸ್ವಲ್ಪ ಬೆಳೆಯುತ್ತಿತ್ತು. ನಂಬಬಹುದಾದ ಭಾಗ ಇಷ್ಟು. ಪಾಟೀಲರು ಕಾಗದವನ್ನು ಎರಡು ಸಲ ಓದಿ, ಬೆಳಕಿಗೆ ಹಿಡಿದು ನೋಡಿ, "ಇದಕ್ಕ ಶಿಕ್ಕಾ ಇಲ್ಲ" ಎಂದರು. ಕಚೇರಿಯ ಮುದ್ರೆ ನನ್ನ ಬಳಿ ಎಲ್ಲಿಂದ ಬರಬೇಕು? ದಸ್ತಗೀರ ಎದೆಯ ಮೇಲಿನ ಪಟ್ಟಿ ಸರಿಮಾಡಿಕೊಂಡು, ಅದರ ಹಿತ್ತಾಳೆಯ ಬಿಲ್ಲೆಯನ್ನು ಮುಂದೆ ಮಾಡಿದ. "ಶಿಕ್ಕಾ ಇಲ್ಲಿ ಐತ್ರಿ ಪಾಟೀಲ್ರ. ಓದಿಕೊಳ್ರಿ. ನನ್ನ ಕಳಿಸಿದ್ದು ಸರಕಾರ, ನಾ ಏನ ಹವಾ ತಿನ್ನಾಕ ಬಂದಿಲ್ಲ." ಪಾಟೀಲರು ಬಿಲ್ಲೆಯನ್ನು ಓದಿದರು. ಅದರಲ್ಲಿ ಸರಕಾರದ ಹೆಸರಿತ್ತು. ಆಯಿತು ಎಂದರು.

ಐದಕ್ಕೆ ಹತ್ತು ನಿಮಿಷ ಇದ್ದಾಗ ದಾರಿಯ ಮೇಲೆ ಧೂಳು ಕಂಡಿತು. ಮುಂದೆ ಸೈಕಲ್ಲು ತಳ್ಳುತ್ತ ದಸ್ತಗೀರ, ಸೈಕಲ್ಲಿನ ಮೇಲೆ ಒಬ್ಬ ಮುದುಕ. ಹಿಂದೆ ಅರ್ಧ ಓಡುತ್ತ ಹದಿನಾಲ್ಕು ಮಂದಿ. ಅವರ ಹಿಂದೆ ಕುದುರೆಯ ಮೇಲೆ ಪಾಟೀಲರು. ಬಾಗಿಲು ಹಾಕುವ ಹೊತ್ತಿಗೆ ಅಂಗಳದ ಒಳಗೆ ಇದ್ದವರೆಲ್ಲ ಮತ ಹಾಕಬಹುದು ಎಂಬುದು ನಿಯಮ. ಅಧ್ಯಕ್ಷ ಮಾಸ್ತರರು ಗಡಿಯಾರ ನೋಡಿದರು, ಓಡಿ ಬಂದವರ ಕಾಲಿನ ಧೂಳು ನೋಡಿದರು, ತಾವೇ ಎದ್ದು ಹೋಗಿ ಎಲ್ಲರನ್ನೂ ಒಳಗೆ ಕರೆದು ಗೇಟು ಮುಚ್ಚಿದರು. ಹದಿನೈದೂ ಹೆಸರಿಗೆ ನಾನು ಗೆರೆ ಹಾಕಿದೆ. ನನಗೆ ಬಹಳ ಸಮಾಧಾನವಾಯಿತು. ತಪ್ಪು ತಿದ್ದಿ ಮುಗಿಯಿತು ಎಂದುಕೊಂಡೆ.

ಒಳಗೆ ಪೆಟ್ಟಿಗೆಗಳಿಗೆ ಅರಗು ಹಾಕುತ್ತಿದ್ದರು. ಹೊರಗೆ ಹೆಸರು ಕೂಗುವ ದನಿ ಕೇಳಿತು. ಎದ್ದು ಹೋಗಿ ನೋಡಿದರೆ ಪಾಟೀಲರು ಬಗಲಿನಿಂದ ಪುಸ್ತಕ ತೆಗೆದಿದ್ದಾರೆ, ಇವರೆಲ್ಲ ಬೇವಿನ ಗಿಡದ ಕೆಳಗೆ ಸಾಲಾಗಿ ನಿಂತಿದ್ದಾರೆ. ಲಗಮಣ್ಣನೂ.

"ಪಾಟೀಲ್ರ, ಕಾಗದ ಮುಟ್ಟೇತಲ್ಲ?"

"ಮುಟ್ಟೇತಿ. ಆದ್ರ ಸಂಜಿ ಆತು. ಇವತ್ತಿಂದು ತಗೊಂಡು ನಾಳಿಯಿಂದ ಬಂದ್ ಮಾಡತೀನಿ. ಪುಸ್ತಕ ನಡುವ ಬಿಡಬಾರದಲ್ಲ?"

"ಇವತ್ತೂ ಬ್ಯಾಡ್ರಿ" ಎಂದೆ.

ಅವರು ವಾದ ಮಾಡಲಿಲ್ಲ. ಪುಸ್ತಕವನ್ನು ಮೊಣಕಾಲ ಮೇಲಿಟ್ಟು, ಬರೆಯುವ ಟಾಕು ತೆಗೆದರು. "ಹಂಗಾದ್ರ ಮುಗಿಸಿ ಬರದಬಿಡತೀನಿ. ಯಾವ ತಾರೀಖಿನಿಂದ ಬಂದ್ ಅಂತ ಬರೀಲಿ?"

ನನ್ನ ಕಾಗದದಲ್ಲಿ ಹುಕುಮಿನ ನಂಬರು ಇತ್ತು, ತಾರೀಖು ಹಾಕಿರಲಿಲ್ಲ. ಮರೆತದ್ದಲ್ಲ. ಇಂದಿನ ತಾರೀಖು ಹೇಳಿದರೆ ಮುಗಿಯುತ್ತಿತ್ತು. ಪಾಟೀಲರು ಬರೆದುಕೊಳ್ಳುತ್ತಿದ್ದರು, ಈ ಹದಿನೇಳು ಮಂದಿ ನನಗೆ ಕೈಮುಗಿದು ಮನೆಗೆ ಹೋಗುತ್ತಿದ್ದರು, ಸರಕಾರ ಇವತ್ತು ನಮ್ಮನ್ನು ಬಿಟ್ಟಿತು ಎಂದುಕೊಂಡು. ಅದು ನನ್ನ ನಾಲಿಗೆಯ ತುದಿಯ ತನಕ ಬಂದಿತ್ತು. ಯಾಕೆ ಹೇಳಲಿಲ್ಲವೋ ಈಗಲೂ ಸರಿಯಾಗಿ ಹೇಳಲಾರೆ. ಕಾರಕೂನನಿಗೆ ಸುಳ್ಳು ತಾರೀಖು ಬರೆಯುವುದು ಕಷ್ಟ ಎಂದಷ್ಟೇ ಇಟ್ಟುಕೊಳ್ಳಿ. ನಿಜವಾದ ತಾರೀಖು, ತಿಂಗಳು, ವರ್ಷ ಹೇಳಿದೆ.

ಪಾಟೀಲರ ಟಾಕು ನಿಂತಿತು. ಲಗಮಣ್ಣ ಬೆರಳಿನ ಗೆಣ್ಣು ಎಣಿಸತೊಡಗಿದ. ಎಣಿಸಿ ಮುಗಿದ ಮೇಲೆ ನನ್ನ ಹತ್ತಿರ ಬಂದ.

"ನಮ್ಮವ್ವ ಸತ್ತಿದ್ದು ಇದರ ಮ್ಯಾಲ ಅಲ್ರಿ?"

"ಹೌದು."

"ಅಂದ್ರ ಅವತ್ತ ಹಾಜರಿ ಇರಲಿಲ್ಲ."

"ಇರಲಿಲ್ಲ."

"ಕಾಗದ ಎಲ್ಲಿತ್ರಿ?"

"ನನ್ನ ಕಡೆ ಇತ್ತು. ನಾ ಓದಲಿಲ್ಲ."

ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು. ಅವನ ಹೆಂಡತಿ ಮುಖ ಆಚೆ ತಿರುಗಿಸಿಕೊಂಡಳು. ಅವನು, "ಅದನ್ನ ಬರದ ಕೊಡ್ರಿ" ಎಂದ. "ಅವ್ವನ ಮಣ್ಣಿಗಿ ಹೋಗಿದ್ದು ತಪ್ಪ ಅಲ್ಲ ಅಂತ. ತಾರೀಖ ಹಾಕ್ರಿ."

ಗಿಡದ ಬೊಡ್ಡೆಗೆ ಹಾಳೆ ಇಟ್ಟು ಬರೆದೆ. ಕಚೇರಿಯ ಕೆಲಸದಲ್ಲಿದ್ದು ಕನ್ನಡದಲ್ಲಿ ಬರೆದ ಮೊದಲ ಕಾಗದ ಅದು. ಹಾಜರಿ ಕಾಯ್ದೆ ಇಂಥ ದಿನ ರದ್ದಾಗಿತ್ತು. ಲಗಮಣ್ಣನು ತಾಯಿಯ ಮಣ್ಣಿಗೆ ಅಸಂಗಿಗೆ ಹೋದದ್ದು ಅದರ ನಂತರ. ಅವನಿಂದ ಯಾವ ತಪ್ಪೂ ನಡೆದಿಲ್ಲ. ತಿಳಿಸದೆ ಇದ್ದದ್ದು ನನ್ನ ತಪ್ಪು. ಪರವಾಗಿ ಎಂದು ಬರೆಯದೆ ನನ್ನ ಹೆಸರನ್ನೇ ಬರೆದು ಸಹಿ ಹಾಕಿದೆ.

ದಸ್ತಗೀರ ಅದನ್ನು ಓದಿ ಹೇಳಲು ಕೈಚಾಚಿದ. ಲಗಮಣ್ಣ ಅವನಿಗೆ ಕೊಡಲಿಲ್ಲ. ಸಾಲನ್ನು ದಾಟಿ ಹೋಗಿ ಪಾಟೀಲರ ಮುಂದೆ ಹಿಡಿದ.

"ನೀವು ಓದ್ರಿ" ಎಂದ. "ದಿನಾ ನನ್ನ ಹೆಸರ ಕೂಗತೀರಲ್ಲ, ಹಂಗ, ಎಲ್ಲಾರಿಗೂ ಕೇಳೂವಂಗ."

ಪಾಟೀಲರು ಹಾಜರಿ ಪುಸ್ತಕವನ್ನು ನೆಲದ ಮೇಲೆ ಇಟ್ಟರು. ಚಾಳೀಸು ಹಾಕಿಕೊಂಡು, ಎದ್ದು ನಿಂತು, ಓದಿದರು.